ಹುತ್ತರಿಯ ಕೋಲಾಟ

ಕೊಡಗಿಗೆ ಹೋದವರ ಕಣ್ಣಿಗೆ ಮೊದಲು ಬೀಳುವುವು ಕಾಫಿಯ ತೋಟಗಳು. ಆದರೆ ಆ ನಾಡಿನ ಉಲ್ಲಾಸವನ್ನು ಅರಿಯಬೇಕಾದರೆ ನಾವು ಗುಡ್ಡಗಳ ನಡುವಣ ಭತ್ತದ ಗದ್ದೆಗಳಿಗೆ ಇಳಿಯಬೇಕು. ನವೆಂಬರ್ ಇಲ್ಲವೆ ಡಿಸೆಂಬರ್ ತಿಂಗಳಿನಲ್ಲಿ, ಹುಣ್ಣಿಮೆಯ ಸುಮಾರಿಗೆ, ಅಲ್ಲಿ ಹುತ್ತರಿ ಹಬ್ಬವು ನಡೆಯುವುದು. ಗೊತ್ತಾದ ಮುಹೂರ್ತಕ್ಕೆ ಕೋವಿಯನ್ನು ಹಾರಿಸಿ, ಮೊದಲ ತೆನೆಯನ್ನು ಕೊಯ್ದು ಮನೆಗೆ ತರುವರು. ಅನಂತರ ಊರವರೆಲ್ಲ 'ಮಂದ್' ಎಂಬ ಬಯಲಿನಲ್ಲಿ ನೆರೆದು ಕೋಲಾಟವಾಡುವರು.

ಹಬ್ಬದ ಹೆಸರೇ ಅದರ ಕಥೆಯನ್ನು ಹೇಳುತ್ತದೆ. ಕೊಡವರು ಅದನ್ನು 'ಪುತ್ತರಿ' ಎನ್ನುವರು. 'ಪುದಿಯ' ಎಂದರೆ ಹೊಸದು, 'ಅರಿ' ಎಂದರೆ ಅಕ್ಕಿ. ಹಳಗನ್ನಡದ 'ಪಾಲ್' ಹಾಲಾದಂತೆ, 'ಪುಲಿ'ಯು ಹುಲಿಯಾದಂತೆ, ಪುತ್ತರಿಯು ಕನ್ನಡಿಗರ ಬಾಯಲ್ಲಿ ಹುತ್ತರಿಯಾಯಿತು. 1956ರಲ್ಲಿ ಕೊಡಗು ಮೈಸೂರು ರಾಜ್ಯವನ್ನು ಸೇರುವುದಕ್ಕೆ ಬಹು ಮೊದಲೇ ಎರಡು ನುಡಿಗಳು ಹೀಗೆ ನೆರೆಮನೆಯವರಂತೆ ಬಾಳಿದ್ದುವು.

ಇನ್ನು ಕುಣಿತದ ಹೆಸರನ್ನು ನೋಡೋಣ. ದುಡಿಯ ಬಡಿತಕ್ಕೆ ಸರಿಯಾಗಿ ಗಂಡಸರು ಬೆತ್ತದ ಕೋಲುಗಳನ್ನು ಹಿಡಿದು ಸುತ್ತುಗಟ್ಟಿ ಹೆಜ್ಜೆಯಿಡುವರು, ಅದು 'ಕೋಲಾಟ್'. ದೀಪವನ್ನು ನಡುವಿಟ್ಟು ಕುಣಿದರೆ 'ಬೊಳಕಾಟ್'. ಇಲ್ಲಿನ 'ಬೊಳಕ್' ನಮ್ಮ ಬೆಳಕೇ ಸರಿ. ಹೆಂಗಸರು ತಾಳವನ್ನು ಹಿಡಿದು ಕುಣಿಯುವುದು 'ಉಮ್ಮತ್ತಾಟ್'. ಈ ಮೂರು ಮಾತುಗಳ ಕೊನೆಯಲ್ಲಿಯೂ ನಿಂತಿರುವುದು ನಮ್ಮ 'ಆಟ'ವೇ. ಕನ್ನಡದಲ್ಲಿಯೂ ಕೋಲಾಟ, ಬಯಲಾಟ, ಬೊಂಬೆಯಾಟಗಳೆನ್ನುವೆವಲ್ಲದೆ ಅವನ್ನು ನೃತ್ಯವೆಂದು ಕರೆಯುವ ವಾಡಿಕೆಯಿಲ್ಲ.

ಈ ಭೇದವು ಅಲ್ಪವಾದುದಲ್ಲ. ನೃತ್ಯಕ್ಕೆ ನೋಡುವವರು ಬೇಕು. ಕೋಲಾಟಕ್ಕೆ ಮೊದಲು ಬೇಕಾದವರು ಜತೆಗಾರರು. ಎದುರಿನವನ ಕೋಲು ಬಾರದಿದ್ದರೆ ನಮ್ಮ ಕೋಲು ಗಾಳಿಯನ್ನೇ ಹೊಡೆಯಬೇಕಷ್ಟೆ! ಗದ್ದೆಯ ಕೆಲಸವೂ ಹಾಗೆಯೇ. ನಾಟಿಯಾಗಲಿ ಕೊಯ್ಲಾಗಲಿ ಒಬ್ಬರಿಂದ ಆಗುವುದಲ್ಲ. ಜತೆಗೂಡಿ ದುಡಿದವರು ಜತೆಗೂಡಿ ಆಡುವುದು ಸಹಜವಷ್ಟೆ.

ಇಂದು ಕೊಡಗಿನ ಎಷ್ಟೋ ಗದ್ದೆಗಳು ಪಾಳುಬಿದ್ದಿವೆ. ಆಳುಗಳು ದೊರೆಯುವುದು ಕಷ್ಟ. ಭತ್ತಕ್ಕಿಂತ ಕಾಫಿಯಲ್ಲಿ ಆದಾಯ ಹೆಚ್ಚು. ಮಕ್ಕಳು ಉದ್ಯೋಗಕ್ಕಾಗಿ ದೂರದ ಊರುಗಳಲ್ಲಿದ್ದಾರೆ. ಇದರಲ್ಲಿ ಯಾರನ್ನೂ ದೂರುವಂತಿಲ್ಲ. ಕೋಲಾಟವು ರಂಗಸ್ಥಳದ ಮೇಲೆ ಅಂದವಾಗಿಯೇ ನಡೆದೀತು. ಆದರೆ ಹೊಸ ಅಕ್ಕಿಯಿಲ್ಲದ ಪುತ್ತರಿಯಲ್ಲಿ ಹೆಸರಿನ ಅರ್ಧ ಬರಿದಾಗುವುದು. ಹಬ್ಬಕ್ಕೆಂದು ಊರಿಗೆ ಬರುವ ಮಕ್ಕಳ ಕೈಗೆ ಹಿರಿಯರು ಕುಡುಗೋಲನ್ನೂ ಬೆತ್ತದ ಕೋಲನ್ನೂ ಒಟ್ಟಿಗೆ ಕೊಡುವ ಮನೆಗಳು ಇನ್ನೂ ಉಂಟು. ಅಂತಹ ಮನೆಗಳಲ್ಲಿ ಈ ಮಾತುಗಳಿಗೆ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.