ಮುಕ್ಕಣ್ಣ ಮತ್ತು ಒಕ್ಕಣ್ಣ

ನಮ್ಮ ಸೋದರಮಾವ ವಿಡಿಯೋ ಟಾಕೀಸು ಮುಚ್ಚಿದಾಗ ಬೆಂಚು, ಫ್ಯಾನು, ವಿಸಿಆರ್ ಎಲ್ಲವನ್ನೂ ಬಂದ ಬೆಲೆಗೆ ಕೊಟ್ಟುಬಿಟ್ಟರು. ಪ್ರೊಜೆಕ್ಟರನ್ನು ಮಾತ್ರ ಕೊಡಲಿಲ್ಲ. ನಾಲ್ಕು ಜನರಿಂದ ಹೊರಿಸಿ ಮನೆಗೆ ತಂದು, ಅಡಿಕೆ ಮೂಟೆ ಇಡುವ ಕೋಣೆಯ ಮೂಲೆಯಲ್ಲಿ ಕಂಬಳಿ ಹೊದೆಸಿ ಇಟ್ಟರು. ಇಪ್ಪತ್ತು ವರ್ಷ ಅದು ಅಲ್ಲೇ ಇತ್ತು. ಹೋದ ವರ್ಷ ನಾನು ಶಿವಮೊಗ್ಗದ ಮನೆಯ ಮೇಲಿನ ಕೋಣೆಯನ್ನು ಸಿನಿಮಾ ನೋಡುವುದಕ್ಕೆಂದೇ ಬಿಟ್ಟ ಸುದ್ದಿ ಅವರ ಕಿವಿಗೂ ಬಿತ್ತು. ಫೋನು ಮಾಡಿ, “ಪ್ರೊಜೆಕ್ಟರ್ ತಗೊಳ್ಳೋಕೆ ಹೊರಟಿದ್ದೀಯಂತೆ. ಮನೇಲೊಂದು ಇದೆಯಲ್ಲ ಮಾರಾಯ” ಎಂದರು.

ಅಷ್ಟರಲ್ಲಿ ಮಗಳು ಎಲ್‌ಸಿಡಿ ಪ್ರೊಜೆಕ್ಟರೊಂದನ್ನು ಆರಿಸಿ ಇಟ್ಟಿದ್ದಳು. ಮೂರು ಕಿಲೋ ತೂಕ, ಒಂದು ತಂತಿ ಚುಚ್ಚಿದರೆ ಚಿತ್ರ. ಮಾವನದು ಸಿಆರ್‌ಟಿ ಪ್ರೊಜೆಕ್ಟರ್. ಅರವತ್ತು ಕಿಲೋಗೂ ಮೇಲೆ ತೂಗುವ ಪೆಟ್ಟಿಗೆ. ಮುಂದುಗಡೆ ಸಾಲಾಗಿ ಮೂರು ದೊಡ್ಡ ಲೆನ್ಸು: ಒಂದು ಕೆಂಪಿಗೆ, ಒಂದು ಹಸಿರಿಗೆ, ಒಂದು ನೀಲಿಗೆ. ಚಿಕ್ಕಂದಿನಲ್ಲಿ ಟಾಕೀಸಿನ ಕತ್ತಲಲ್ಲಿ ಹಿಂದೆ ತಿರುಗಿ ನೋಡಿದಾಗಲೆಲ್ಲ ಆ ಮೂರು ಕಣ್ಣು ಉರಿಯುತ್ತಿದ್ದವು. ನಾವು ಹುಡುಗರು ಅದನ್ನು ಮುಕ್ಕಣ್ಣ ಎಂದೇ ಕರೆಯುತ್ತಿದ್ದೆವು. ಹೊಸದಕ್ಕೆ ಒಂದೇ ಕಣ್ಣು. ಯಾವುದನ್ನು ಮನೆಯೊಳಗೆ ತರುವುದು ಎಂಬ ಪ್ರಶ್ನೆ ಒಂದು ಮಳೆಗಾಲವಿಡೀ ನನ್ನ ಜೊತೆಗಿತ್ತು.

ಎರಡರ ಕೆಲಸವನ್ನು ನನಗೆ ಅರ್ಥ ಮಾಡಿಸಿದ್ದು ರಂಗೋಲಿ. ಸಿಆರ್‌ಟಿಯದು ಎಳೆ ರಂಗೋಲಿ. ಟ್ಯೂಬಿನ ಹಿಂದಿನಿಂದ ಎಲೆಕ್ಟ್ರಾನುಗಳ ಸಣ್ಣ ಧಾರೆಯೊಂದು ಹೊರಟು, ಮುಂದಿನ ಗಾಜಿಗೆ ಬಳಿದ ಫಾಸ್ಫರ್ ಲೇಪದ ಮೇಲೆ ಎಡದಿಂದ ಬಲಕ್ಕೆ ಎಳೆ ಎಳೆಯುತ್ತದೆ. ಅದು ತಾಗಿದಲ್ಲಿ ಲೇಪ ಹೊಳೆಯುತ್ತದೆ. ನಮ್ಮ ಹಳೆಯ ಟಿವಿ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಎಳೆ, ಸೆಕೆಂಡಿಗೆ 25 ಚಿತ್ರ. ಮೂರು ಟ್ಯೂಬುಗಳು ಒಂದೊಂದು ಬಣ್ಣದ ಚಿತ್ರ ಬರೆಯುತ್ತವೆ. ಮೂರೂ ಕೂಡುವುದು ಎದುರಿನ ಪರದೆಯ ಮೇಲೆ. ಎಲ್‌ಸಿಡಿಯದು ಚುಕ್ಕಿ ರಂಗೋಲಿ. ಒಂದು ಲ್ಯಾಂಪಿನ ಬೆಳಕನ್ನು ವಿಶೇಷ ಕನ್ನಡಿಗಳು ಮೂರು ಬಣ್ಣವಾಗಿ ಬೇರೆ ಮಾಡುತ್ತವೆ. ಪ್ರತಿ ಬಣ್ಣವೂ ಹೆಬ್ಬೆರಳಿನಷ್ಟೇ ದೊಡ್ಡದಾದ ಒಂದು ದ್ರವಸ್ಫಟಿಕದ ಫಲಕವನ್ನು ಹಾಯುತ್ತದೆ. ಮಗಳು ಆರಿಸಿದ್ದರಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿ. ಒಂದು ಫಲಕಕ್ಕೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪುಟ್ಟ ಕದಗಳು. ಎಷ್ಟು ಬೆಳಕು ಬಿಡಬೇಕೋ ಅಷ್ಟು ತೆರೆದುಕೊಳ್ಳುತ್ತವೆ. ಆಮೇಲೆ ಮೂರೂ ಬಣ್ಣ ಒಂದು ಗಾಜಿನ ಘನದಲ್ಲಿ ಸೇರಿ, ಒಂದೇ ಲೆನ್ಸಿನಿಂದ ಹೊರಬೀಳುತ್ತವೆ.

ಹಳತು ಬೆಳಕನ್ನು ಹುಟ್ಟಿಸುತ್ತದೆ, ಹೊಸತು ಉರಿಯುವ ಬೆಳಕನ್ನು ತಡೆಯುತ್ತದೆ. ಮುಂದೆ ನಾನು ಕಂಡ ಒಳಿತು ಕೆಡುಕುಗಳೆಲ್ಲ ಇದೊಂದರಿಂದಲೇ ಹೊರಟವು.

ಹಳತು, ಹೊಸತು ಎಂಬ ಮಾತನ್ನೂ ಸ್ವಲ್ಪ ತಡೆದು ಆಡಬೇಕು. ಸಿಆರ್‌ಟಿ, ಅಂದರೆ ಕ್ಯಾಥೋಡ್ ಕಿರಣದ ಟ್ಯೂಬನ್ನು ಜರ್ಮನಿಯ ಫರ್ಡಿನಾಂಡ್ ಬ್ರೌನ್ ರೂಪಿಸಿದ್ದು 1897ರಲ್ಲಿ. ದ್ರವಸ್ಫಟಿಕ ಕಣ್ಣಿಗೆ ಬಿದ್ದದ್ದು ಅದಕ್ಕೂ ಒಂಬತ್ತು ವರ್ಷ ಮೊದಲು, 1888ರಲ್ಲಿ. ಫ್ರೆಡ್ರಿಕ್ ರೈನಿಟ್ಸರ್ ಎಂಬ ಸಸ್ಯಶಾಸ್ತ್ರಜ್ಞ ಪ್ರಾಗ್ ನಗರದಲ್ಲಿ ಕೊಲೆಸ್ಟೆರಾಲಿನ ಒಂದು ಸಂಯುಕ್ತವನ್ನು ಕಾಯಿಸುತ್ತಿದ್ದ. ಅದು 145.5 ಡಿಗ್ರಿಯಲ್ಲಿ ಕರಗಿ ಮಬ್ಬು ದ್ರವವಾಯಿತು, 178.5 ಡಿಗ್ರಿಯಲ್ಲಿ ಮತ್ತೊಮ್ಮೆ ಬದಲಾಗಿ ತಿಳಿಯಾಯಿತು. ಒಂದೇ ವಸ್ತುವಿಗೆ ಎರಡು ಕರಗು ಬಿಂದು! ನಡುವಿನ ಆ ಮಬ್ಬು ಸ್ಥಿತಿಯ ಬಳಗದಿಂದಲೇ ನೂರು ವರ್ಷದ ನಂತರ ಪ್ರೊಜೆಕ್ಟರಿನ ಕದಗಳು ಬಂದವು. ಈ ಕಥೆಯಲ್ಲಿ ನಮ್ಮ ಬೆಂಗಳೂರಿಗೂ ಪಾಲಿದೆ. ಮೊದಲು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಎಸ್. ಚಂದ್ರಶೇಖರ್ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು, 1977ರಲ್ಲಿ ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರೊಂದಿಗೆ, ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವು ಎಂದು ತೋರಿಸಿಕೊಟ್ಟರು. ಅಲ್ಲಿಯವರೆಗೆ ಕಡ್ಡಿಯಂಥ ಅಣುಗಳಿಗೇ ಆ ಗುಣವೆಂದು ನಂಬಲಾಗಿತ್ತು. ಮುಂದೆ ಎಲ್‌ಸಿಡಿ ಪರದೆಗಳನ್ನು ಪಕ್ಕದಿಂದ ನೋಡಿದರೂ ಚಿತ್ರ ಕೆಡದಂತೆ ಮಾಡುವ ಪದರಗಳಿಗೆ ಇಂಥ ಬಿಲ್ಲೆ ಅಣುಗಳೇ ಒದಗಿದವು. ಇದನ್ನು ತಿಳಿದ ಮೇಲೆ ಎಲ್‌ಸಿಡಿಯನ್ನು ನಿನ್ನೆ ಮೊನ್ನೆ ಅಂಗಡಿಗೆ ಬಂದ ಸಾಮಾನು ಎಂದು ಕಡೆಗಣಿಸಲು ನನಗೆ ಮನಸ್ಸು ಬರಲಿಲ್ಲ.

ಮಾವನ ಪ್ರೊಜೆಕ್ಟರನ್ನು ಜೀಪಿನಲ್ಲಿ ತರಿಸಿದೆ. ಟಿವಿ ರಿಪೇರಿಯಲ್ಲಿ ತಲೆ ನರೆತ ಮೆಕ್ಯಾನಿಕ್ ಒಬ್ಬರು ಬಂದು ಮುಚ್ಚಳ ಬಿಚ್ಚಿದರು. ನಮ್ಮನ್ನು ಹತ್ತಿರಕ್ಕೆ ಬಿಡಲಿಲ್ಲ. ಒಳಗೆ ಓಡುವುದು ಸುಮಾರು 30,000 ವೋಲ್ಟ್. ಸ್ವಿಚ್ ಆರಿಸಿದ ಮೇಲೂ ಎಷ್ಟೋ ಹೊತ್ತು ಅದು ಒಳಗೇ ಕುಳಿತಿರುತ್ತದಂತೆ. ಟ್ಯೂಬಿನ ಮುಖಕ್ಕೂ ಲೆನ್ಸಿಗೂ ನಡುವೆ ಕಾವು ಹೀರಲು ಗ್ಲೈಕಾಲ್ ದ್ರವ ತುಂಬಿರುತ್ತದೆ. ಮಲೆನಾಡಿನ ತೇವದಲ್ಲಿ ಇಪ್ಪತ್ತು ಮಳೆಗಾಲ ಕಳೆದ ಅದರೊಳಗೆ ಬೂಷ್ಟು ಬೆಳೆದಿತ್ತು. ದ್ರವ ಬದಲಿಸಿ, ಸತ್ತ ಕೆಪಾಸಿಟರುಗಳನ್ನು ಕಿತ್ತು ಹೊಸದು ಹಾಕಿದರು. ಹಸಿರು ಟ್ಯೂಬಿನ ಗಾಜನ್ನು ಬೆಳಕಿಗೆ ಹಿಡಿದು ತೋರಿಸಿದಾಗ ಅದರ ನಡುವೆ ಮಂಕಾದ ಒಂದು ಚೌಕ ಕಂಡಿತು. ವರ್ಷಗಟ್ಟಲೆ ಚಿತ್ರ ಮೂಡಿದ ಜಾಗ ಸವೆದಿತ್ತು, ಅಂಚು ಮಾತ್ರ ಹೊಸದರಂತೆ ಇತ್ತು. ಮಾವ ಆ ಚೌಕವನ್ನೇ ನೋಡುತ್ತ ನಿಂತರು. ದಿನಕ್ಕೆ ನಾಲ್ಕು ಆಟದಂತೆ ಅವರು ಊರಿಗೆ ತೋರಿಸಿದ ಸಿನಿಮಾಗಳೆಲ್ಲ ಒಂದರ ಮೇಲೊಂದು ಬಿದ್ದು ಉಳಿಸಿದ ಗುರುತು ಅದು.

ಮೂರು ಬಣ್ಣವನ್ನು ಕೂಡಿಸುವುದು ಮುಂದಿನ ಕೆಲಸ. ಅರ್ಧ ಗಂಟೆ ಯಂತ್ರ ಕಾಯಬೇಕು. ಆಮೇಲೆ ಪರದೆಯ ಮೇಲೆ ಗೆರೆಗಳ ಜಾಲರಿ ಮೂಡಿಸಿ, ಹಸಿರು ಗೆರೆಯ ಮೇಲೆ ಕೆಂಪನ್ನು, ಅದರ ಮೇಲೆ ನೀಲಿಯನ್ನು ಕೂಡಿಸುತ್ತ ಹೋಗಬೇಕು. ನಡುವೆ ಕೂಡಿಸಿದರೆ ಮೂಲೆಯಲ್ಲಿ ಜಾರುತ್ತದೆ. ಮೂಲೆ ಸರಿಮಾಡಿದರೆ ನಡು ಒಂದು ಕೂದಲೆಳೆ ಸರಿದಿರುತ್ತದೆ. ನಮಗೆ ಮೂರು ಭಾನುವಾರ ಹಿಡಿಯಿತು. ಮೂರನೆಯ ಭಾನುವಾರ ಸಂಜೆ ಕೊನೆಯ ನೀಲಿ ಗೆರೆ ಉಳಿದೆರಡರ ಮೇಲೆ ಹೋಗಿ ಕುಳಿತು, ಮೂರೂ ಮಾಯವಾಗಿ ಅಚ್ಚ ಬಿಳಿಯ ಗೆರೆಯೊಂದು ಉಳಿದಾಗ ಆದ ಸಂತೋಷವನ್ನು ಯಾವ ಅಂಗಡಿಯೂ ಮಾರಲಾರದು. ಬಿಳಿಯೆಂಬುದು ಮೂವರು ಒಪ್ಪಿ ನಿಂತ ಜಾಗ ಎಂಬುದನ್ನು ಆ ದಿನ ಕಣ್ಣಾರೆ ಕಂಡೆ.

ಪರೀಕ್ಷೆಗೆ ಆರಿಸಿದ್ದು ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’. 1977ರ ಕಪ್ಪು ಬಿಳುಪು ಚಿತ್ರ, ಎಸ್. ರಾಮಚಂದ್ರ ಅವರ ಛಾಯಾಗ್ರಹಣ. ನಮ್ಮದೇ ಮಲೆನಾಡಿನ ಕತ್ತಲು ಅದರಲ್ಲಿದೆ. ಸ್ನೇಹಿತರೊಬ್ಬರಿಂದ ಎಲ್‌ಸಿಡಿ ಪ್ರೊಜೆಕ್ಟರನ್ನೂ ಎರವಲು ತಂದು, ಅದೇ ಪರದೆಗೆ ಅದೇ ದೃಶ್ಯಗಳನ್ನು ಒಂದಾದ ಮೇಲೊಂದು ಬಿಟ್ಟೆವು.

ಮುಕ್ಕಣ್ಣನಲ್ಲಿ ರಾತ್ರಿ ನಿಜಕ್ಕೂ ರಾತ್ರಿಯಾಗಿತ್ತು. ಎಲೆಕ್ಟ್ರಾನಿನ ಧಾರೆ ನಿಂತಲ್ಲಿ ಬೆಳಕು ಹುಟ್ಟುವುದೇ ಇಲ್ಲ. ಪರದೆಯ ಅಂಚು ಎಲ್ಲಿ, ಗೋಡೆ ಎಲ್ಲಿ ಎಂದು ತಿಳಿಯದ ಕಪ್ಪು. ಆ ಕಪ್ಪಿನೊಳಗಿಂದ ಮುಖವೊಂದು ಮೆಲ್ಲಗೆ ಮೇಲೆದ್ದು ಬರುತ್ತಿತ್ತು. ಹಗಲಿನ ದೃಶ್ಯ ಬಂದಾಗ ಲೆನ್ಸಿನೊಳಗೆ ಚದುರಿದ ಬೆಳಕಿನಿಂದ ಆ ಕಪ್ಪೂ ಸ್ವಲ್ಪ ತೆಳುವಾಗುತ್ತಿತ್ತು, ನಿಜ. ರಾತ್ರಿಯ ಮಟ್ಟಿಗೆ ಮಾತ್ರ ಅದಕ್ಕೆ ಎದುರಿಲ್ಲ. ಎಲ್‌ಸಿಡಿಯಲ್ಲಿ ಅದೇ ರಾತ್ರಿ ಮುಸ್ಸಂಜೆಯಾಯಿತು. ಹಿಂದೆ ಲ್ಯಾಂಪು ಉರಿಯುತ್ತಲೇ ಇರುತ್ತದೆ. ಕದ ಎಷ್ಟೇ ಬಿಗಿಯಾಗಿ ಮುಚ್ಚಿದರೂ ಸಂದಿಯಿಂದ ಬೆಳಕು ಸೋರುತ್ತದೆ. ದೀಪದೆದುರು ಅಂಗೈ ಹಿಡಿದರೆ ಬೆರಳ ಸಂದಿ ಕೆಂಪಗೆ ಕಾಣುವುದಿಲ್ಲವೆ, ಹಾಗೆ.

ನನ್ನ ಮನಸ್ಸು ಮಾವನ ಕಡೆಗೆ ವಾಲಿತ್ತು. ಆಗ ಅಮ್ಮ ಮಾತಾಡಿದರು. ಎಂಬತ್ತು ದಾಟಿದವರು, ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ. ಮುಕ್ಕಣ್ಣನ ಚಿತ್ರ ಓಡುತ್ತಿದ್ದಾಗ ಮೂರು ಸಲ, “ಈಗ ಬಂದಿದ್ದು ಯಾರು?” ಎಂದು ಕೇಳಿದ್ದರು. ಎಲ್‌ಸಿಡಿಯಲ್ಲಿ ಏನೂ ಕೇಳಲಿಲ್ಲ. ಮುಗಿದ ಮೇಲೆ, “ಇದರಲ್ಲಿ ಆ ಹುಡುಗನ ಮುಖ ಕಂಡಿತು ನೋಡು” ಎಂದರು. ಸವೆಯದ ಸಿಆರ್‌ಟಿ ಪ್ರೊಜೆಕ್ಟರೂ ಇಡೀ ಪರದೆ ಬಿಳಿಯಾದಾಗ ಕೊಡುವ ಬೆಳಕು ಕೆಲವು ನೂರು ಲ್ಯೂಮೆನ್. ಎಲ್‌ಸಿಡಿ ಎರಡು ಮೂರು ಸಾವಿರ ಕೊಡುತ್ತದೆ. ಈ ಅಂಕಿಗಳು ನನಗೆ ಮೊದಲೇ ಗೊತ್ತಿದ್ದವು. ಅವುಗಳ ಅರ್ಥ ಗೊತ್ತಾದದ್ದು ಅಮ್ಮನ ಮಾತಿನಿಂದ. ನಾನು ಕತ್ತಲಿನ ಚೆಲುವನ್ನು ನೋಡುತ್ತ ಕುಳಿತಿದ್ದ ಹೊತ್ತಿನಲ್ಲಿ ಪಕ್ಕದಲ್ಲಿದ್ದವರಿಗೆ ಕಥೆಯೇ ಕಾಣುತ್ತಿರಲಿಲ್ಲ.

ಎಲ್‌ಸಿಡಿಯನ್ನೇ ಕೊಂಡೆವು. ಅದಕ್ಕೂ ಅದರದೇ ಬೇಡಿಕೆಗಳಿವೆ. ಕೆಲವು ಸಾವಿರ ಗಂಟೆಗೊಮ್ಮೆ ಲ್ಯಾಂಪು ಬದಲಿಸಬೇಕು. ಗಾಳಿಯ ಜಾಲರಿಯ ಧೂಳು ತೆಗೆಯುತ್ತಿರಬೇಕು. ಕರೆಂಟು ಹೋದರೆ ತಣಿಸುವ ಫ್ಯಾನೂ ನಿಂತು ಕಾದ ಲ್ಯಾಂಪಿಗೆ ಪೆಟ್ಟು ಬೀಳುವುದರಿಂದ ಯುಪಿಎಸ್ ಬೇಕೇ ಬೇಕು. ಇವೆಲ್ಲ ದುಡ್ಡಿನಿಂದ, ಎಚ್ಚರದಿಂದ ಆಗುವ ಕೆಲಸ. ಆದರೆ ಸೋರುವ ಕಪ್ಪಿಗೆ ಏನು ಮಾಡುವುದು?

ದಾರಿ ತೋರಿಸಿದವರು ಮಾವ. ನಾನು ಒಕ್ಕಣ್ಣನನ್ನು ಆರಿಸಿದ್ದಕ್ಕೆ ಅವರು ಬೇಸರಪಟ್ಟುಕೊಂಡಾರು ಎಂದುಕೊಂಡಿದ್ದೆ. ಅವರು ಬಂದು, ಕೋಣೆಯ ಬಾಗಿಲು ಹಾಕಿ, ಒಳಗೆ ಸುಮ್ಮನೆ ನಿಂತರು. ಟಾಕೀಸಿನ ತಗಡಿನ ಮಾಡಿನಲ್ಲಿ ಮೊಳೆ ಕಿತ್ತ ತೂತುಗಳಿಂದ ಬಿಸಿಲು ಕೋಲು ಕೋಲಾಗಿ ಇಳಿಯುತ್ತಿತ್ತು. ಮಧ್ಯಾಹ್ನದ ಆಟಕ್ಕೆ ಮೊದಲು ಅವರು ದಿನಾ ಏಣಿ ಹತ್ತಿ ಗೋಣಿತಾಟಿನ ಚೂರು ತುರುಕುತ್ತಿದ್ದುದು ನನಗೆ ನೆನಪಿತ್ತು. ಈಗಲೂ ಅದನ್ನೇ ಮಾಡಿದರು. ಕಿಟಕಿಗೆ ದಪ್ಪ ಪರದೆ ಕಟ್ಟಿಸಿದರು. ಪ್ರೊಜೆಕ್ಟರಿನ ಬೆಳಕು ಬಿಳಿ ಗೋಡೆಗೆ ಬಡಿದು ಮತ್ತೆ ಪರದೆಗೇ ಬೀಳುತ್ತದೆಂದು ಅಕ್ಕಪಕ್ಕದ ಗೋಡೆಗೆ ಗಾಢ ಬೂದು ಬಣ್ಣ ಹೊಡೆಸಿದರು. ಬಾಗಿಲಿನ ಕೆಳಸಂದಿಗೆ ಹಳೆಯ ಸೀರೆ ಸುತ್ತಿಟ್ಟರು. ಮುಕ್ಕಣ್ಣ ತನ್ನ ಕತ್ತಲನ್ನು ತಾನೇ ತರುತ್ತಿತ್ತು. ಒಕ್ಕಣ್ಣನಿಗೆ ಅದರಲ್ಲಿ ಬಹುಪಾಲನ್ನು ಮನೆಯವರು ಒದಗಿಸಿಕೊಡಬೇಕು. ಬೆಳಕನ್ನು ದುಡ್ಡು ಕೊಟ್ಟು ತರಬಹುದು. ಕತ್ತಲನ್ನು ಕೈಯಾರೆ ಕಾಪಾಡಿಕೊಳ್ಳಬೇಕು.

ಮುಕ್ಕಣ್ಣನ ಟ್ಯೂಬುಗಳನ್ನು ಮೆಕ್ಯಾನಿಕ್ ಒಯ್ದರು. ಇಂಥದೇ ಯಂತ್ರ ಇಟ್ಟುಕೊಂಡು, ಬಿಡಿಭಾಗ ಸಿಗದೆ ಕಾಯುತ್ತಿರುವ ಒಬ್ಬರು ಅವರಿಗೆ ಗೊತ್ತಂತೆ. ಮೂರು ಲೆನ್ಸು ನಮ್ಮಲ್ಲೇ ಉಳಿದವು.

ಮೊದಲ ದಿನ ‘ಘಟಶ್ರಾದ್ಧ’ವನ್ನೇ ಮತ್ತೆ ಹಾಕಿದೆವು. ಅಮ್ಮ ಮುಂದಿನ ಕುರ್ಚಿಯಲ್ಲಿ, ಮಗಳು ನೆಲದ ಮೇಲೆ. ರಾತ್ರಿಯ ದೃಶ್ಯ ಬಂತು. ಮೊನ್ನೆಯ ಮುಸ್ಸಂಜೆಗಿಂತ ಎಷ್ಟೋ ಕಪ್ಪಾಗಿತ್ತು. ಅಮ್ಮ ಯಾರು ಬಂದರೆಂದು ಕೇಳಲಿಲ್ಲ. ಹಿಂದಿನಿಂದ ಮಾವನ ದನಿ ಕೇಳಿಸಿತು: “ಇನ್ನೂ ಒಂದು ಬೆಳಕು ಆರಿಲ್ಲ.” ತಿರುಗಿ ನೋಡಿದೆ. ಮೂಲೆಯ ಯುಪಿಎಸ್‌ನ ಸಾಸಿವೆಯಷ್ಟು ಹಸಿರು ದೀಪ. ಮಾವ ಆಗಲೇ ಎದ್ದಿದ್ದರು. ಹೆಗಲ ಮೇಲಿನ ಟವಲನ್ನು ಅದರ ಮೇಲೆ ಹಾಕಿ, ತಡವುತ್ತ ಬಂದು ತಮ್ಮ ಜಾಗದಲ್ಲಿ ಕುಳಿತರು.