ನಲವತ್ತೆಂಟು ಪಾಲಿನ ಮನೆ

ನನ್ನ ತಮ್ಮನಿಗೆ ಜಿದ್ದಾದಲ್ಲಿ ಕೆಲಸ. 2024ರ ಅಕ್ಟೋಬರ್‌ನಲ್ಲಿ ಅವನು ಪತ್ನಿ ಮಕ್ಕಳೊಂದಿಗೆ ಟರ್ಕಿಗೆ ಹೋಗಿದ್ದ. ಇಸ್ತಾಂಬುಲ್ ನೋಡಿ ಮುಗಿಸಿ, ಅಮಾಸ್ಯ ಎಂಬ ಪಟ್ಟಣದಲ್ಲಿ ಎರಡು ರಾತ್ರಿ ತಂಗಿದರಂತೆ. ಮುಂದೆ ಊರಿಗೆ ಬಂದಾಗ ನಾದಿನಿ ಕಾರ್ಕಳದ ನಮ್ಮ ತವರುಮನೆಯ ಜಗಲಿಯಲ್ಲಿ ಕುಳಿತು ಹೇಳಿದ್ದೆಲ್ಲ ಆ ಎರಡು ರಾತ್ರಿಗಳ ವಿಷಯವೇ. ಇಸ್ತಾಂಬುಲಿನ ನೀಲಿ ಮಸೀದಿಗೆ ಐದು ನಿಮಿಷ, ಅಮಾಸ್ಯದ ಒಂದು ಬೀರುವಿಗೆ ಒಂದು ಗಂಟೆ!

ಯೆಶಿಲ್ ಇರ್ಮಾಕ್ ಅಂದರೆ ಹಸಿರು ನದಿ. ಅದರ ದಡದಲ್ಲಿ ಹಳೆಯ ಕೋಟೆಗೋಡೆಯ ಮೇಲೆಯೇ ಉಸ್ಮಾನಿಯಾ ಕಾಲದ ಮರದ ಮನೆಗಳು ಸಾಲಾಗಿ ನಿಂತಿವೆ. ಮೇಲಂತಸ್ತು ನೀರಿನ ಮೇಲಕ್ಕೆ ಚಾಚಿಕೊಂಡಿದೆ. ಮರದ ಚೌಕಟ್ಟು ನಿಲ್ಲಿಸಿ, ನಡುವೆ ಹಸಿ ಇಟ್ಟಿಗೆ ತುಂಬಿ, ಮೇಲೆ ಸುಣ್ಣ ಬಳಿದ ಗೋಡೆಗಳು. ಹಿಂದೆ ಬೆಟ್ಟದಲ್ಲಿ ಬಂಡೆ ಕೊರೆದು ಮಾಡಿದ ಪುರಾತನ ಅರಸರ ಗೋರಿಗಳು. ಉಸ್ಮಾನಿಯಾ ರಾಜಕುಮಾರರನ್ನು ಆಡಳಿತ ಕಲಿಯಲೆಂದು ಕಳುಹಿಸುತ್ತಿದ್ದ ಊರುಗಳಲ್ಲಿ ಇದೂ ಒಂದು. 1481ರಲ್ಲಿ ಸುಲ್ತಾನನಾದ ಎರಡನೇ ಬಾಯಝೀದ್ ಅದಕ್ಕೆ ಮೊದಲು ಇಲ್ಲಿನ ರಾಜ್ಯಪಾಲನಾಗಿದ್ದ. ಅವನ ಹೆಸರಿನ ಮಸೀದಿ, ಮದ್ರಸ, ಬಡವರಿಗೆ ಊಟ ಹಾಕುತ್ತಿದ್ದ ಅಡುಗೆಮನೆ 1486ರಲ್ಲಿ ಎದ್ದುನಿಂತವು. ಅದಕ್ಕಿಂತಲೂ ಹಳೆಯದು 1308-09ರ ಆಸ್ಪತ್ರೆ. ಅಲ್ಲಿ ಕೆಲಸ ಮಾಡಿದ ವೈದ್ಯ ಶರಫುದ್ದೀನ್ ಸಾಬುಂಜುಓಗ್ಲು 1465ರಲ್ಲಿ ಚಿತ್ರಗಳಿರುವ ಶಸ್ತ್ರಚಿಕಿತ್ಸೆಯ ಗ್ರಂಥ ಬರೆದ. ಅದರ ಚಿತ್ರಗಳಲ್ಲಿ ಹೆಂಗಸರಿಗೆ ಚಿಕಿತ್ಸೆ ನೀಡುವ ವೈದ್ಯೆಯರೂ ಇದ್ದಾರೆ. ಹೆಣ್ಣುಮಕ್ಕಳನ್ನು ಮೆಡಿಕಲ್ ಓದಿಸಬೇಕೇ ಎಂದು ಇಂದಿಗೂ ಕೇಳುವವರು ಆ ಚಿತ್ರಗಳನ್ನು ಒಮ್ಮೆ ನೋಡಲಿ.

ಅದಿರಲಿ, ಬೀರುವಿನ ಸಂಗತಿಗೆ ಬರುತ್ತೇನೆ. ನಾದಿನಿ ತಂಗಿದ್ದ ಹೋಟೆಲ್ ಮೊದಲು ಒಂದು ಕುಟುಂಬ ಬಾಳಿದ ಮನೆ. ಕೋಣೆಯ ಗೋಡೆಯುದ್ದಕ್ಕೂ ಮರದ ಬೀರು. ಒಂದು ಬಾಗಿಲು ತೆರೆದರೆ ಹಾಸಿಗೆ ಮಡಚಿಡುವ ಜಾಗ. ಇನ್ನೊಂದು ತೆರೆದರೆ ಒಳಗೆ ಸ್ನಾನದ ಗೂಡು! ಉಸ್ಮಾನಿಯಾ ಮನೆಗಳಲ್ಲಿ ಇದಕ್ಕೆ ಗುಸುಲ್‌ಖಾನೆ ಎನ್ನುತ್ತಿದ್ದರು. ದಂಪತಿಗಳ ಕೋಣೆಯೊಳಗೇ, ಯಾರ ಕಣ್ಣಿಗೂ ಬೀಳದಂತೆ ಸ್ನಾನ ಮಾಡಿ ಫಜ್ರ್‌ಗೆ ನಿಲ್ಲಬಹುದಾದ ಏರ್ಪಾಡು. ಈಗ ಅದೇ ಗೂಡಿಗೆ ನಲ್ಲಿ, ಶವರ್ ಜೋಡಿಸಿದ್ದಾರೆ. ಕೂಡುಕುಟುಂಬದ ಮನೆಯಲ್ಲಿ ಸೊಸೆಯಾಗಿ ಬಾಳಿದವರಿಗೆ ಇದರ ಬೆಲೆ ನಾನು ವಿವರಿಸಬೇಕಾಗಿಲ್ಲ. ನಮ್ಮ ಕಡೆಯ ಬಚ್ಚಲು ಮನೆಯಿಂದ ಇಪ್ಪತ್ತು ಹೆಜ್ಜೆ ಆಚೆ, ಬಾವಿಯ ಪಕ್ಕದಲ್ಲಿ.

ಇನ್ನೊಂದು ಚಮತ್ಕಾರ, ತಿರುಗುವ ಕಪಾಟು. ಅಂಥ ಮನೆಗಳಲ್ಲಿ ಹೆಂಗಸರ ಭಾಗ ಬೇರೆ, ಗಂಡಸರು ಅತಿಥಿಗಳನ್ನು ಕೂರಿಸುವ ಭಾಗ ಬೇರೆ. ನಡುಗೋಡೆಯಲ್ಲಿ ಗುಂಡಗಿನ ಕಪಾಟು. ಈಚೆ ಅಡುಗೆಯ ತಟ್ಟೆಗಳನ್ನಿಟ್ಟು ತಿರುಗಿಸಿದರೆ ಆಚೆ ಗಂಡಸರ ಕೈಗೆ ಸಿಗುತ್ತದೆ. "ಮೈನಿ, ಬಡಿಸಲು ಹೋಗುವ ಗೋಜೇ ಇಲ್ಲ" ಎಂದಳು ನಾದಿನಿ. ನನ್ನ ಅಕ್ಕ, "ಪಾತ್ರೆ ತೊಳೆಯಲು ಯಾವ ಕಡೆಗೆ ತಿರುಗಿಸುತ್ತಿದ್ದರು?" ಎಂದು ಕೇಳಿದಳು. ಉಮ್ಮ ಬಹಳ ದಿನಗಳ ನಂತರ ಬಾಯಿತುಂಬ ನಕ್ಕರು.

ಮಾತು ಅಷ್ಟಕ್ಕೇ ನಿಂತಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ಮರುದಿನ ತಮ್ಮ ಒಂದು ಪ್ರಸ್ತಾಪ ಮುಂದಿಟ್ಟ. ನಮ್ಮ ಈ ಮನೆಯನ್ನೂ ಹಾಗೆಯೇ ದುರಸ್ತಿ ಮಾಡಿ ಪ್ರವಾಸಿಗರಿಗೆ ಕೊಡೋಣ. ಮುರಕಲ್ಲಿನ ದಪ್ಪ ಗೋಡೆ, ಹಲಸಿನ ಮರದ ಬಾಗಿಲು, ಮಂಗಳೂರು ಹಂಚು, ಅಟ್ಟ ಎಲ್ಲವೂ ಇದೆ. ಕಾರ್ಕಳಕ್ಕೆ 1432ರ ಗೊಮ್ಮಟನನ್ನು ನೋಡಲು ಜನ ಬರುತ್ತಾರೆ, ಕಾಪುವಿಗೆ 1901ರ ದೀಪಸ್ತಂಭ ನೋಡಲು ಬರುತ್ತಾರೆ, ಮಣಿಪಾಲಕ್ಕೆ ವಿದ್ಯಾರ್ಥಿಗಳ ತಂದೆತಾಯಂದಿರು ಬರುತ್ತಾರೆ. ಅವರೆಲ್ಲ ಲಾಡ್ಜ್‌ನಲ್ಲೇ ಏಕೆ ಇರಬೇಕು ಎಂಬುದು ಅವನ ವಾದ. ಅಣ್ಣನದು ಬೇರೆ ಲೆಕ್ಕ. ಹಳೆಮರದ ವ್ಯಾಪಾರಿಯೊಬ್ಬರು ಎರಡು ಸಲ ಬಂದು ಕಂಬ, ತೊಲೆಗಳನ್ನು ತಟ್ಟಿ ನೋಡಿ ಹೋಗಿದ್ದಾರೆ. ಮಾರಿ, ಕೆಡವಿ, ಜಾಗ ಹಂಚಿಕೊಳ್ಳೋಣ ಎಂದ ಅಣ್ಣ. ಉಮ್ಮ ಒಂದೂ ಮಾತಾಡಲಿಲ್ಲ.

ಯಾವುದನ್ನೇ ನಿರ್ಧರಿಸುವ ಮೊದಲು ಮಣಿಪಾಲಕ್ಕೆ ಹೋಗಿ ಬರೋಣ ಎಂದವಳು ನಾನು. ಅಲ್ಲಿ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಇದೆ. ನಮ್ಮ ಶಾಲೆಯ ಮಕ್ಕಳನ್ನು ಒಮ್ಮೆ ಕರೆದೊಯ್ದಿದ್ದೆ, ಆದರೆ ನಲವತ್ತು ಮಕ್ಕಳ ತಲೆ ಎಣಿಸುವವಳಿಗೆ ಮನೆ ನೋಡಲು ಪುರುಸೊತ್ತೆಲ್ಲಿ?

ಇದನ್ನು ಕಟ್ಟಿದವರು ವಿಜಯನಾಥ ಶೆಣೈ. ಊರೂರಲ್ಲಿ ಹಳೆಯ ಮನೆಗಳನ್ನು ಕೆಡವಿ ಕಂಬ ಬಾಗಿಲುಗಳನ್ನು ಮಾರುತ್ತಿದ್ದ ಕಾಲದಲ್ಲಿ ಅವರು ಅವನ್ನೇ ಸಂಗ್ರಹಿಸಿ ಮೊದಲು ತಮಗೊಂದು ಮನೆ ಕಟ್ಟಿಕೊಂಡರು. ಅದನ್ನು ನೋಡಲು ಜನ ಬರತೊಡಗಿದರು. ಆಮೇಲೆ ಬಿಡಿ ಭಾಗಗಳ ಬದಲು ಇಡೀ ಮನೆಗಳನ್ನೇ ಉಳಿಸುವ ಕೆಲಸಕ್ಕೆ ಕೈ ಹಾಕಿದರು. ಒಂದೊಂದು ಮನೆಯನ್ನೂ ಬಿಚ್ಚಿ, ಭಾಗಗಳಿಗೆ ಗುರುತು ಹಾಕಿ, ಲಾರಿಯಲ್ಲಿ ತಂದು, ಸುಮಾರು ಆರು ಎಕರೆ ಜಾಗದಲ್ಲಿ ಮೊದಲಿನಂತೆಯೇ ಜೋಡಿಸಿದರು. 2017ರಲ್ಲಿ ಅವರು ತೀರಿಕೊಂಡರು. ಕುಂಜೂರಿನ ಚೌಕಿಮನೆ, ಮುಧೋಳದ ಅರಮನೆಯ ದರ್ಬಾರ್ ಹಾಲ್, ದಖನಿ ನವಾಬರ ಮಹಲು, ಎಲ್ಲವೂ ಅಲ್ಲಿ ನೆರೆಹೊರೆ. ಭಟ್ಕಳದ ನವಾಯತ ಮುಸ್ಲಿಮರ ಮನೆಯೂ ಇದೆ. ಒಬ್ಬ ಹಿಂದೂ ಸಹೋದರ ನಮ್ಮ ಸಮುದಾಯದ ಮನೆಯನ್ನು ಇಷ್ಟು ಜೋಪಾನವಾಗಿ ಹೊತ್ತು ತಂದಿದ್ದಾರೆ. ನಾವೇ ನಮ್ಮ ಮನೆಗಳನ್ನು ಮರದ ಬೆಲೆಗೆ ತೂಗಿ ಮಾರುತ್ತಿದ್ದೇವೆ.

ನಾನೂ ಅಕ್ಕನೂ ಆ ನವಾಯತ ಮನೆಯಲ್ಲೇ ಹೆಚ್ಚು ಹೊತ್ತು ನಿಂತೆವು. ಭಟ್ಕಳದ ಗೆಳತಿಯೊಬ್ಬಳು ಹೇಳಿದ್ದು ನೆನಪಾಯಿತು. ಹಳೆಯ ಕೇರಿಗಳಲ್ಲಿ ಒಂದು ಮನೆಯಿಂದ ಪಕ್ಕದ ಮನೆಗೆ ಒಳಬಾಗಿಲುಗಳಿದ್ದವಂತೆ. ಹೆಂಗಸರು ಬೀದಿಗಿಳಿಯದೆ ಮದುವೆಮನೆಗೂ ಬಾಣಂತಿಮನೆಗೂ ಹೋಗಿ ಬರುತ್ತಿದ್ದರಂತೆ. ಮಣಿಪಾಲಕ್ಕೆ ಬಂದ ಮನೆಗೆ ಪಕ್ಕದ ಮನೆ ಯಾವುದು? ಮರ, ಬಾಗಿಲು, ಕಿಟಕಿ ಎಲ್ಲವೂ ಇದೆ. ಇಸ್ತ್ರಿ ಮಾಡಿ ಪೆಟ್ಟಿಗೆಯಲ್ಲಿಟ್ಟ ಮದುವೆ ಸೀರೆಯಂತೆ ಇದೆ. ಆದರೆ ಒಲೆಯ ಹೊಗೆ ಇಲ್ಲ. ಇದು ಆ ಕೆಲಸಕ್ಕೆ ಹೇಳುವ ಕೊರತೆಯಲ್ಲ, ಅದಿಲ್ಲದಿದ್ದರೆ ಮನೆ ಎಂದೋ ಸೌದೆಯಾಗುತ್ತಿತ್ತು. ಆದರೂ ಮ್ಯೂಸಿಯಂ ಬೇರೆ, ಮನೆ ಬೇರೆ. ಆ ದೃಷ್ಟಿಯಿಂದ ಅತಿಥಿಗಳು ಬಂದು ಮಲಗಿ ಏಳುವ ಅಮಾಸ್ಯದ ಮನೆಗೆ ಇನ್ನೂ ಸ್ವಲ್ಪ ಜೀವ ಇದೆ ಎಂದು ನನಗನಿಸಿತು.

ಹಿಂತಿರುಗುವಾಗ ಅಕ್ಕ ಕಾರಿನಲ್ಲಿ ಕೇಳಿದಳು: "ಹೋಟೆಲ್ ಮಾಡಿದರೆ ಬೆಳಗ್ಗೆ ಏಳು ಗಂಟೆಗೆ ಅಕ್ಕಿರೊಟ್ಟಿ ತಟ್ಟುವವರು ಯಾರು?" ಉತ್ತರ ಎಲ್ಲರಿಗೂ ಗೊತ್ತಿತ್ತು. ತಮ್ಮ ಜಿದ್ದಾದಲ್ಲಿ, ಅಣ್ಣ ಬೆಂಗಳೂರಿನಲ್ಲಿ. ಹೋಮ್ ಸ್ಟೇ ಎಂದರೆ ಮನೆಯವರು ಅಲ್ಲಿಯೇ ವಾಸವಿದ್ದು ಅತಿಥಿಗಳನ್ನು ನೋಡಿಕೊಳ್ಳುವುದು. ನಮ್ಮಲ್ಲಿ ಆ "ಮನೆಯವರು" ಎಂದರೆ ಎಪ್ಪತ್ತೆರಡು ವರ್ಷದ ಉಮ್ಮ, ಮತ್ತೆ ಕರೆದಾಗ ಓಡಿಬರುವ ನಾವಿಬ್ಬರು ಹೆಣ್ಣುಮಕ್ಕಳು. ಮಳೆಯ ಮಾತೂ ಇದೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅಮಾಸ್ಯದಲ್ಲಿ ಅದರ ಎಂಟನೇ ಒಂದು ಭಾಗವೂ ಇಲ್ಲ. ಇಲ್ಲಿ ಪ್ರತಿ ಮೇ ತಿಂಗಳಲ್ಲಿ ಹಂಚು ತೆಗೆದು ಕೈಯಾಡಿಸದಿದ್ದರೆ ಜೂನ್‌ನಲ್ಲಿ ರೀಪು ನೆನೆಯುತ್ತದೆ, ಮರುವರ್ಷ ಗೆದ್ದಲು ಹಿಡಿಯುತ್ತದೆ. ಆ ಕೆಲಸ ಬಲ್ಲ ಹಿರಿಯರು ಈಗ ನಮ್ಮೂರಲ್ಲಿ ಇಬ್ಬರೋ ಮೂವರೋ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿತ್ತು. ಮನೆ ಯಾರದು? ಅಬ್ಬ 2009ರಲ್ಲಿ ತೀರಿಕೊಂಡರು. ಪಾಲು ಇದುವರೆಗೂ ಆಗಿಲ್ಲ. "ಇದ್ದ ಒಂದು ಮನೆಯನ್ನು ಹೇಗೆ ಹಂಚುವುದು?" ಎಂಬುದು ಎಲ್ಲ ಮನೆಗಳಲ್ಲೂ ಕೇಳುವ ಮಾತು. ಕೊನೆಗೆ ಸಹೋದರಿಯರು "ನನಗೆ ಬೇಡ" ಎಂದು ಸಹಿ ಹಾಕುವುದು, ಅವರಿಗೆ ಒಂದು ಸೀರೆಯೋ ಬಳೆಯೋ ಸಿಗುವುದು. ಅಲ್ಲಾಹನು ಸೂರಃ ಅನ್ನಿಸಾದಲ್ಲಿ ನಿಗದಿಪಡಿಸಿದ ಹಕ್ಕು ಸೀರೆಯಲ್ಲಿ ಮುಗಿದು ಹೋಗುತ್ತದೆ. ಮದ್ರಸದಲ್ಲಿ ಹತ್ತೊಂಬತ್ತು ವರ್ಷಗಳಿಂದ ಮಕ್ಕಳಿಗೆ ಫರಾಇಝ್‌ನ ಲೆಕ್ಕ ಹೇಳಿಕೊಡುವ ನಾನು ಅಂದು ರಾತ್ರಿ ಇಶಾ ನಂತರ ಮಗನ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಬರೆದೆ. ಉಮ್ಮನಿಗೆ ಎಂಟನೇ ಒಂದು. ಉಳಿದುದರಲ್ಲಿ ಇಬ್ಬರು ಗಂಡುಮಕ್ಕಳಿಗೆ ಎರಡೆರಡು ಪಾಲು, ಇಬ್ಬರು ಹೆಣ್ಣುಮಕ್ಕಳಿಗೆ ಒಂದೊಂದು. ಮನೆಯನ್ನು 48 ಪಾಲು ಮಾಡಿದರೆ ಉಮ್ಮನಿಗೆ 6, ಅಣ್ಣತಮ್ಮಂದಿರಿಗೆ 14ರಂತೆ 28, ನನಗೂ ಅಕ್ಕನಿಗೂ 7ರಂತೆ 14. ಕಲ್ಲು ಮರ ಕಡಿಯಬೇಕಾಗಿಲ್ಲ. ಬಾಡಿಗೆ ಬಂದರೆ ಬಾಡಿಗೆ, ಮಾರಿದರೆ ಹಣ, ದುರಸ್ತಿಯಾದರೆ ಖರ್ಚು, ಎಲ್ಲವೂ ಇದೇ 48ರ ಲೆಕ್ಕದಲ್ಲಿ. ಅಡುಗೆ, ಶುಚಿ ಮಾಡುವವರಿಗೆ ಸಂಬಳ ಬೇರೆ, ಅದು ಮಗಳಾದರೂ ಸರಿ.

ಅಣ್ಣನಿಗೆ ಇಷ್ಟವಾಗಲಿಲ್ಲ. "ನೀವು ಲೆಕ್ಕ ಕೇಳುವವರಾದಿರಾ?" ಎಂದ. ತಮ್ಮ ತಲೆ ತಗ್ಗಿಸಿ ಕುಳಿತ. ನಾದಿನಿಯೇ ಹಾಳೆ ತೆಗೆದುಕೊಂಡು ಎರಡು ಸಲ ಕೂಡಿಸಿ ನೋಡಿ, "ಸರಿಯಾಗಿದೆಯಲ್ಲ" ಎಂದಳು. ಆ ಒಂದು ಮಾತಿಗಾಗಿ ಅವಳ ಬೀರುವಿನ ಕಥೆಯನ್ನು ಇನ್ನೂ ಹತ್ತು ಸಲ ಕೇಳಲು ನಾನು ಸಿದ್ಧ.

ಉಮ್ಮ ಆಗ ಬಾಯಿ ತೆರೆದರು. ತಾನಿರುವ ತನಕ ಮರದ ವ್ಯಾಪಾರಿ ಅಂಗಳಕ್ಕೆ ಕಾಲಿಡಬಾರದು. ಅತಿಥಿಗಳು ಬರುವುದಾದರೆ ಚಾವಡಿಯ ಕಡೆಯ ಎರಡು ಕೋಣೆ ಮಾತ್ರ, ನಮಾಝಿನ ಕೋಣೆ ಮತ್ತು ಅಡುಗೆಮನೆಯ ಬೀಗದ ಕೈ ತನ್ನ ಸೊಂಟದಲ್ಲೇ ಇರಬೇಕು. ಅದಕ್ಕೂ ಮೊದಲು ಬಚ್ಚಲನ್ನು ಮನೆಯೊಳಗೆ ತರಬೇಕು. ಮಂಡಿನೋವಿನಲ್ಲಿ ಮಳೆಗಾಲದ ರಾತ್ರಿ ಬಾವಿಯ ಬಳಿ ನಡೆದು ಹೋಗಲು ತನ್ನಿಂದ ಆಗುವುದಿಲ್ಲ.

ಹೋಟೆಲಿನ ವಿಷಯ ಇನ್ನೂ ತೀರ್ಮಾನವಾಗಿಲ್ಲ. 48ರ ಹಾಳೆಯನ್ನು ವಕೀಲರಿಂದ ಬರೆಸಿ ಅಕ್ಕ, ನಾನು, ತಮ್ಮ ಸಹಿ ಹಾಕಿದ್ದೇವೆ. ಅಣ್ಣನ ಸಹಿಯ ಜಾಗ ಖಾಲಿಯಿದೆ. ಆದರೆ ಬಚ್ಚಲಿನ ಖರ್ಚಿಗೆ 14 ಪಾಲಿನ ಹಣವನ್ನು ಅವನೂ ಕಳುಹಿಸಿದ್ದಾನೆ. ಉಮ್ಮನ ಕೋಣೆಯ ಹಳೆಯ ಗೋಡೆಬೀರು ಇದ್ದಲ್ಲಿಯೇ ಅದಕ್ಕೆ ಜಾಗ ಹೊಂದುತ್ತದೆ ಎಂದು ಮೇಸ್ತ್ರಿ ಅಳತೆ ತೆಗೆದುಕೊಂಡು ಹೋಗಿದ್ದಾರೆ.