ಬಾಗೂರಿನ ದಾರಿಯಲ್ಲಿ ನಿಂತ ಓಮ್ನಿ

ಚನ್ನರಾಯಪಟ್ಟಣದಿಂದ ಬಾಗೂರಿನ ಕಡೆಗೆ ಹೊರಟವರಿಗೆ ದಾರಿಯುದ್ದಕ್ಕೂ ತೆಂಗಿನ ತೋಟಗಳು ಜೊತೆ ಕೊಡುತ್ತವೆ. ನಡುನಡುವೆ ರಾಗಿ ಹೊಲಗಳು ಕಾಣುತ್ತವೆ. ಹೊರಗಿನವರಿಗೆ ಈ ಊರಿನ ಹೆಸರು ತಿಳಿದಿರುವುದು ಮುಖ್ಯವಾಗಿ ಬಾಗೂರು-ನವಿಲೆ ಸುರಂಗದಿಂದ. ಗೊರೂರಿನ ಅಣೆಕಟ್ಟಿನಲ್ಲಿ ನಿಂತ ಹೇಮಾವತಿಯ ನೀರು ನಾಲೆಯಲ್ಲಿ ಹರಿದು ಬಂದು, ಸುಮಾರು 10 ಕಿ.ಮೀ. ಉದ್ದದ ಈ ಸುರಂಗವನ್ನು ಹೊಕ್ಕು ತುಮಕೂರು ಜಿಲ್ಲೆಯತ್ತ ಸಾಗುತ್ತದೆ. ಸುರಂಗದೊಳಗೆ ನೀರನ್ನು ಮುಂದೂಡಲು ಪಂಪು ಬೇಕಿಲ್ಲ, ಇಳಿಜಾರೇ ಸಾಕು.

ಈ ಸುರಂಗವನ್ನು ನೋಡಬೇಕೆಂದೇ ಬೆಂಗಳೂರಿನ ಕುಟುಂಬವೊಂದು ಶ್ರವಣಬೆಳಗೊಳದಿಂದ ಇತ್ತ ಹೊರಟಿತ್ತು. ಅಪ್ಪ, ಅಮ್ಮ, ಒಂಬತ್ತನೇ ತರಗತಿಯ ಮಗಳು, ಆರನೇ ತರಗತಿಯ ಮಗ. ವಾಹನ ಹಳೆಯ ಮಾರುತಿ ಓಮ್ನಿ. ಹಿಂದಿನ ಸೀಟಿನ ಜಾಗದಲ್ಲಿ ಹಾಸಿಗೆ, ಕಿಟಕಿಗೆ ಪರದೆ, ಮೂಲೆಯಲ್ಲಿ ಪುಟ್ಟ ಗ್ಯಾಸ್ ಒಲೆ. 1984ರಲ್ಲಿ ಮಾರುತಿ ವ್ಯಾನ್ ಎಂದು ರಸ್ತೆಗಿಳಿದು, ಮುಂದೆ ಓಮ್ನಿ ಎಂದು ಹೆಸರಾದ ಈ ಗಾಡಿಯ ತಯಾರಿಕೆ 2019ರಲ್ಲಿ ನಿಂತಿತು. ಮೂರು ಸಿಲಿಂಡರಿನ, 796 ಸಿ.ಸಿ.ಯ ಎಂಜಿನ್ನು ಮುಂದಿನ ಸೀಟುಗಳ ಕೆಳಗೇ ಇರುತ್ತದೆ.

ಬಾಗೂರು ಇನ್ನೂ ದೂರವಿರುವಾಗಲೇ ಗಾಡಿ ಎರಡು ಬಾರಿ ಕೆಮ್ಮಿ ನಿಂತಿತು. ಹಿಂದಿನ ದಿನವೂ ಹೀಗೇ ಆಗಿತ್ತು. ಆಗ ಪಂಪು ಹೋಗಿದೆಯೆಂದು ಹೊಸ ಪೆಟ್ರೋಲ್ ಪಂಪನ್ನೇ ಹಾಕಿಸಿದ್ದರು. ದುಡ್ಡು ಹೋಯಿತು, ತೊಂದರೆ ಉಳಿಯಿತು. ಮನೆಗೆ ಮರಳಿದ ಮೇಲೆ ಗಾಡಿಯನ್ನು ಗುಜರಿಗೆ ಕೊಟ್ಟುಬಿಡುವುದೆಂದು ಅಪ್ಪ ಅಲ್ಲಿಯೇ ನಿಶ್ಚಯಿಸಿದರು. ಮಕ್ಕಳ ಮುಖ ಬಾಡಿತು.

ತೋಟದಿಂದ ಹಿರಿಯ ರೈತರೊಬ್ಬರು ಬಂದರು. "ಯಾಕ್ ಸ್ವಾಮಿ, ಗಾಡಿ ನಿಂತೋಯ್ತಾ?"

"ಪೆಟ್ರೋಲ್ ಎಳೀತಿಲ್ಲ ಯಜಮಾನ್ರೇ."

"ನಮ್ ಮೋಟ್ರೂ ಹಂಗೇಯ. ಪೈಪಲ್ಲಿ ಗಾಳಿ ಎಳ್ಕಂಡ್ರೆ ನೀರೇ ಎತ್ತಾಕಿಲ್ಲ."

ರೈತರ ಮಾತಿನಲ್ಲಿ ವಿಜ್ಞಾನವಿತ್ತು. ಪಂಪು ಎಳೆಯುತ್ತದೆ ಎನ್ನುವುದು ರೂಢಿಯ ಮಾತು. ನಿಜವಾಗಿ ಅದು ಕೊಳವೆಯೊಳಗಿನ ಒತ್ತಡವನ್ನು ತಗ್ಗಿಸುತ್ತದೆ, ಅಷ್ಟೆ. ದ್ರವವನ್ನು ಮೇಲಕ್ಕೆ ತಳ್ಳುವುದು ಹೊರಗಿನ ವಾಯುಭಾರ. ಆದ್ದರಿಂದಲೇ ಮೇಲೆ ಕೂತ ಯಾವ ಪಂಪೂ ಸುಮಾರು 10 ಮೀಟರಿಗಿಂತ ಆಳದಿಂದ ನೀರನ್ನು ಹೀರಲಾರದು. ಕಾರ್ಬುರೇಟರ್ ಇರುವ ಹಳೆಯ ಓಮ್ನಿಯಲ್ಲೂ ಇದೇ ತತ್ತ್ವ. ಎಂಜಿನ್ನಿನ ಕ್ಯಾಮ್ ದಂಡ ಒಂದು ಸನ್ನೆಯನ್ನು ಆಡಿಸುತ್ತದೆ. ಸನ್ನೆ ರಬ್ಬರಿನಂಥ ಪೊರೆಯನ್ನು ಜಗ್ಗುತ್ತದೆ, ಸ್ಪ್ರಿಂಗು ಅದನ್ನು ಹಿಂದಕ್ಕೆ ದೂಡುತ್ತದೆ. ನಮ್ಮ ಹೃದಯದಲ್ಲಿರುವಂತೆ ಒಮ್ಮುಖ ಕವಾಟಗಳು ಪೆಟ್ರೋಲನ್ನು ಹಿಂದಿರುಗಲು ಬಿಡುವುದಿಲ್ಲ.

ಹಾಗಾದರೆ ಹೊಸ ಪಂಪು ಸೋತದ್ದೇಕೆ? ಮಗಳು ಒಂದು ಸಂಗತಿಯನ್ನು ಗಮನಿಸಿದ್ದಳು. ಗಾಡಿ ಹೊರಟ ಕೂಡಲೇ ನಿಲ್ಲುವುದಿಲ್ಲ. ಹದಿನೈದಿಪ್ಪತ್ತು ಕಿ.ಮೀ. ಓಡಿ ನಿಲ್ಲುತ್ತದೆ, ಅರ್ಧ ಗಂಟೆ ಬಿಟ್ಟರೆ ತಾನಾಗಿಯೇ ಚಾಲೂ ಆಗುತ್ತದೆ.

ಈ ಲಕ್ಷಣಕ್ಕೆ ಎರಡು ಕಾರಣಗಳಿರಬಹುದು. ಒಂದು, ಎಂಜಿನ್ನಿನ ಕಾವಿಗೆ ಕೊಳವೆಯಲ್ಲಿನ ಪೆಟ್ರೋಲು ಕುದಿದು ಆವಿಯಾಗುವುದು. ಆವಿ ತುಂಬಿದ ಪಂಪು ದ್ರವವನ್ನು ಎತ್ತಲಾರದು. ಇನ್ನೊಂದನ್ನು ಸೂಚಿಸಿದವರು ಅಮ್ಮ. "ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆ ಸರಾಗವಾಗಿ ಬರುತ್ತದೆಯೇನ್ರೀ? ಟ್ಯಾಂಕಿಗೆ ಗಾಳಿ ಎಲ್ಲಿಂದ ಹೋಗುತ್ತೆ?"

ಪರೀಕ್ಷೆ ಸುಲಭ. ಗಾಡಿ ನಿಂತ ತಕ್ಷಣ ಟ್ಯಾಂಕಿನ ಮುಚ್ಚಳ ತೆರೆಯಬೇಕು. ಕೂಡಲೇ ಚಾಲೂ ಆದರೆ ದೋಷ ಗಾಳಿಯ ದಾರಿಯದು. ಆಗದೆ, ತಣಿದ ಮೇಲಷ್ಟೇ ಆದರೆ ದೋಷ ಕಾವಿನದು. ಗ್ಯಾಸ್ ಸಿಲಿಂಡರನ್ನು ಇಳಿಸಿ ದೂರವಿಟ್ಟರು. ಮಕ್ಕಳನ್ನು ಮರದಡಿ ಕೂರಿಸಿದರು. ರೈತರು ಬೀಡಿಯನ್ನು ದೂರದಲ್ಲೇ ಹೊಸಕಿ ಬಂದರು. ಪೆಟ್ರೋಲಿನ ಆವಿಗೆ ಒಂದು ಕಿಡಿ ಸಾಕು. ಅಪ್ಪ ಮುಚ್ಚಳ ತಿರುಗಿಸಿದಾಗ ಸುಯ್ ಎಂದು ಗಾಳಿ ಒಳಗೆ ನುಗ್ಗಿದ ಸದ್ದು ಎಲ್ಲರಿಗೂ ಕೇಳಿಸಿತು. ಕೀಲಿ ತಿರುಗಿಸಿದರೆ ಒಂದೆರಡು ಕ್ಷಣದಲ್ಲಿ ಎಂಜಿನ್ನು ಓಡತೊಡಗಿತು.

ಮೂಲ ಮುಚ್ಚಳ ಕಳೆದುಹೋದಾಗ ಬೇರಾವುದೋ ಮುಚ್ಚಳ ಹಾಕಿಸಿದ್ದರು. ಅದರಲ್ಲಿ ಗಾಳಿಯಾಡುವ ವ್ಯವಸ್ಥೆಯೇ ಇರಲಿಲ್ಲ. ಪೆಟ್ರೋಲು ಖರ್ಚಾದಂತೆ ಟ್ಯಾಂಕಿನೊಳಗಿನ ಒತ್ತಡ ಇಳಿದು, ತಳ್ಳುವ ಶಕ್ತಿಯೇ ಕುಂದುತ್ತಿತ್ತು. ಹಳೆಯ ಪಂಪಿನಲ್ಲಿ ದೋಷವೇ ಇರಲಿಲ್ಲ!

ಹಳೆಯ ವಾಹನವಿರುವ ಪೋಷಕರು ಈ ಕ್ರಮವನ್ನು ನೆನಪಿಡಬಹುದು: ಮೊದಲು ಪೆಟ್ರೋಲಿನ ಮಟ್ಟ, ಬಳಿಕ ಮುಚ್ಚಳ, ಫಿಲ್ಟರು, ರಬ್ಬರ್ ಕೊಳವೆ, ಕೊನೆಗೆ ಪಂಪು. ಟ್ಯಾಂಕಿನಿಂದ ಪಂಪಿನವರೆಗಿನ ಕೊಳವೆ ಬಿರಿದರೆ ಪೆಟ್ರೋಲು ಸೋರದೆ, ರೈತರು ಹೇಳಿದಂತೆ ಗಾಳಿಯಷ್ಟೇ ಒಳಸೇರಬಹುದು. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುವುದರಿಂದ ಹಳೆಯ ರಬ್ಬರ್ ಭಾಗಗಳನ್ನು ಆಗಾಗ ನೋಡುತ್ತಿರಬೇಕು. ಎಂಜಿನ್ ಆಯಿಲ್ ಪೆಟ್ರೋಲಿನ ವಾಸನೆ ಹೊಡೆದರೆ ಪಂಪಿನ ಪೊರೆ ಹರಿದಿರಬಹುದು. ಆಗ ಗಾಡಿ ಓಡಿಸಬಾರದು. ಗಾಡಿಯೊಳಗೆ ಪೆಟ್ರೋಲಿನ ವಾಸನೆಯಿದ್ದರೆ ಒಲೆ ಹಚ್ಚುವುದೂ ಬೇಡ, ಮಕ್ಕಳನ್ನು ಮಲಗಿಸುವುದೂ ಬೇಡ.

ಆ ದಿನ ಐದಾರು ಕಿ.ಮೀ.ಗೊಮ್ಮೆ ನಿಲ್ಲಿಸಿ, ಮುಚ್ಚಳ ತೆರೆದು, ಮತ್ತೆ ಭದ್ರಪಡಿಸುತ್ತ ಅವರು ಬಾಗೂರು ತಲುಪಿದರು. ನಾಲೆಯ ಅಂಚಿಗೆ ಹೋಗದೆ, ಸುರಂಗದೊಳಗೆ ಸರಿದುಹೋಗುವ ನೀರನ್ನು ದೂರದಿಂದಲೇ ನೋಡಿದರು. ಮರುದಿನ ಚನ್ನರಾಯಪಟ್ಟಣದಲ್ಲಿ ಸರಿಯಾದ ಮುಚ್ಚಳ ಸಿಕ್ಕಿತು. ಗುಜರಿಯ ಮಾತು ಮತ್ತೆ ಬರಲಿಲ್ಲ. ಚೀಲದಲ್ಲಿದ್ದ ಹಳೆಯ ಪಂಪನ್ನು ಮಗಳು ಎತ್ತಿಟ್ಟುಕೊಂಡಳು, ಶಾಲೆಯಲ್ಲಿ ಬಿಚ್ಚಿ ಕವಾಟಗಳನ್ನು ಎಲ್ಲರಿಗೂ ತೋರಿಸಲು.